ಮೊಬೈಲ್ ತೋರಿಸುವ ದಾರಿ: ಯಾವಾಗ ಬದಲಿಸಬೇಕು, ಹೇಗೆ ಬದಲಿಸಬೇಕು?



ಬೇಗೂರು ಹೆದ್ದಾರಿಯ ಮೇಲಿನ ಊರು. ನಂಜನಗೂಡು ದಾಟಿ ಬಂದವರಿಗೆ, ಗುಂಡ್ಲುಪೇಟೆಗೆ ಇನ್ನು ಹದಿನೈದು-ಹದಿನಾರು ಕಿಲೋಮೀಟರ್ ಇದೆ ಎನ್ನುವಾಗ ಸಿಗುತ್ತದೆ. ಹಿಂದೆ 212 ಎಂದು ಕರೆಯುತ್ತಿದ್ದ ಈ ರಾಷ್ಟ್ರೀಯ ಹೆದ್ದಾರಿಗೆ ಈಗ 766 ಎಂಬ ಸಂಖ್ಯೆ. ಮೈಸೂರಿನಿಂದ ಊಟಿಗೆ, ವಯನಾಡಿಗೆ, ಕೋಳಿಕ್ಕೋಡಿಗೆ ಹೋಗುವವರು ಹೆಚ್ಚಾಗಿ ಇದೇ ದಾರಿ ಹಿಡಿಯುತ್ತಾರೆ. ಮೊದಲೆಲ್ಲ ಹೊರಗಿನ ಕಾರುಗಳು ಟೀ ಅಂಗಡಿಯ ಮುಂದೆ ನಿಂತು, "ಯಜಮಾನ್ರೇ, ಊಟಿಗೆ ಹೀಗೇ ತಾನೇ?" ಎಂದು ಕೇಳಿ ಮುಂದೆ ಹೋಗುತ್ತಿದ್ದವು. ಈಗ ಅವು ನಿಲ್ಲುವುದು ಟೀಗೆ, ಇಲ್ಲವೇ ಚೆಂಡುಹೂವಿನ ಹೊಲದ ಮುಂದೆ ಫೋಟೋ ತೆಗೆಯುವುದಕ್ಕೆ. ದಾರಿ ಕೇಳುವವರು ಅಪರೂಪ. ದಾರಿ ಹೇಳುವ ಕೆಲಸವನ್ನು ಮೊಬೈಲ್ ವಹಿಸಿಕೊಂಡಿದೆ.

ನಮ್ಮ ಮನೆಗಳಲ್ಲೂ ಹಾಗೆಯೇ ಆಗಿದೆ. ಮದುವೆಗೆ, ಮಗಳ ಹಾಸ್ಟೆಲಿಗೆ, ಆಸ್ಪತ್ರೆಗೆ, ವೇಳಾಂಗಣಿ ಯಾತ್ರೆಗೆ ಹೊರಟಾಗ ಮೊದಲು ತೆರೆಯುವುದು ಮೊಬೈಲಿನ ನಕ್ಷೆಯನ್ನು. ಇದರಲ್ಲಿ ತಪ್ಪೇನೂ ಇಲ್ಲ. 2018ರಿಂದ ಗೂಗಲ್ ಮ್ಯಾಪ್ ಕನ್ನಡದಲ್ಲೂ ಮಾತನಾಡಿ ದಾರಿ ಹೇಳುತ್ತಿದೆ. ಇಂಗ್ಲಿಷ್ ಬಾರದ ತಾಯಂದಿರಿಗೂ ಅದು ದೊಡ್ಡ ಉಪಕಾರ. ಆದರೆ ಬಹಳ ಜನರಿಗೆ ಒಂದು ಸಂಗತಿ ತಿಳಿದಿಲ್ಲ. ಅದು ತೋರಿಸುವ ನೀಲಿ ಗೆರೆ ಒಂದು ಸಲಹೆ ಮಾತ್ರ. ಅದನ್ನು ನಾವು ಬದಲಿಸಬಹುದು. ನಮ್ಮ ಈ ಕಾಡಂಚಿನ ತಾಲ್ಲೂಕಿನಲ್ಲಂತೂ ಕೆಲವು ವೇಳೆ ಬದಲಿಸಲೇಬೇಕು. ಅದನ್ನೇ ಇಂದು ಸ್ವಲ್ಪ ವಿವರವಾಗಿ ನೋಡೋಣ.

ದಾರಿಗಿಂತ ಮೊದಲು ಊರು ಸರಿಯಾಗಿರಬೇಕು. ನಕ್ಷೆಯಲ್ಲಿ ಬರೀ "ಬೇಗೂರು" ಎಂದು ಬರೆದು ನೋಡಿ. ಬೆಂಗಳೂರಿನ ದಕ್ಷಿಣ ಅಂಚಿನಲ್ಲಿ ಒಂದು ಬೇಗೂರು ಇದೆ. "ಬೆಂಗಳೂರು" ಎಂಬ ಹೆಸರಿರುವ ಬಹು ಹಳೆಯ ಶಾಸನ ಸಿಕ್ಕಿದ್ದು ಅಲ್ಲಿಯೇ. ವಯನಾಡಿನ ಕಾಡಿನಲ್ಲಿ ಇನ್ನೊಂದು ಬೇಗೂರು ಇದೆ. ಮದ್ದೂರು ಎಂದರೂ ಇದೇ ಕಥೆ: ವಡೆಯ ಮದ್ದೂರು ಮಂಡ್ಯ ಜಿಲ್ಲೆಯಲ್ಲಿ, ಕೇರಳದ ದಾರಿಯ ಚೆಕ್‌ಪೋಸ್ಟಿನ ಮದ್ದೂರು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ. ವೇಳಾಂಗಣಿ ಚರ್ಚ್ ಎಂದು ಹುಡುಕಿದವರಿಗೆ ನಾಗಪಟ್ಟಣದ ಬಳಿಯ ಮಹಾದೇವಾಲಯದ ಜೊತೆಗೆ ಚೆನ್ನೈನ ಬೆಸಂಟ್ ನಗರದ ವೇಳಾಂಗಣಿ ಮಾತೆಯ ದೇವಾಲಯವೂ ಸಿಗುತ್ತದೆ. ಎರಡೂ ಮಾತೆಯ ಮನೆಯೇ, ಸರಿ. ಆದರೆ ಹರಕೆ ಹೊತ್ತವರು ಹೊರಟದ್ದು ಒಂದಕ್ಕೆ. ಆದ್ದರಿಂದ ಊರಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ತಾಲ್ಲೂಕು, ಜಿಲ್ಲೆಯ ಹೆಸರನ್ನು ಓದಿಯೇ ಒತ್ತಿ.

ಇನ್ನು ಈ ಯಂತ್ರ ದಾರಿಯನ್ನು ಹೇಗೆ ಆರಿಸುತ್ತದೆ ಎಂಬುದನ್ನು ತಿಳಿದರೆ, ಅದನ್ನು ಎಷ್ಟು ನಂಬಬೇಕು ಎಂಬುದೂ ತಿಳಿಯುತ್ತದೆ. ನೀವು ಎಲ್ಲಿದ್ದೀರಿ ಎಂಬುದನ್ನು ಮೊಬೈಲ್ ಅರಿಯುವುದು ಆಕಾಶದಲ್ಲಿ ಸುತ್ತುತ್ತಿರುವ ಉಪಗ್ರಹಗಳಿಂದ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ನಿಮ್ಮ ಜಾಗ ಗೊತ್ತಾಗುತ್ತದೆ. ಇದಕ್ಕೆ ನೆಟ್‌ವರ್ಕ್ ಬೇಕಿಲ್ಲ. ಊರುಗಳು, ಕೂಡುರಸ್ತೆಗಳೆಲ್ಲ ಚುಕ್ಕಿಗಳು, ರಸ್ತೆಗಳು ಗೆರೆಗಳು ಎಂದಿಟ್ಟುಕೊಂಡು, ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಅತಿ ಕಡಿಮೆ ಖರ್ಚಿನ ದಾರಿ ಹುಡುಕುವ ಲೆಕ್ಕವನ್ನು ಹಾಲೆಂಡಿನ ಡೈಕ್‌ಸ್ಟ್ರಾ ಎಂಬ ಗಣಿತಜ್ಞರು 1956ರಲ್ಲಿ ಕಂಡುಹಿಡಿದರು. ಇಂದಿನ ಆಪ್‌ಗಳ ಬುಡದಲ್ಲಿರುವುದು ಆ ಬಗೆಯ ಲೆಕ್ಕವೇ. ಅದಕ್ಕೆ ಈಗ ಸೇರಿರುವುದು ರಸ್ತೆಯ ಮೇಲಿನ ಸಾವಿರಾರು ಮೊಬೈಲ್‌ಗಳು ತಾವಾಗಿ ಕಳಿಸುವ ವೇಗದ ಸುದ್ದಿ. ಹತ್ತಾರು ಮೊಬೈಲ್‌ಗಳು ಒಂದೇ ಕಡೆ ತೆವಳುತ್ತಿದ್ದರೆ ಅಲ್ಲಿ ವಾಹನ ದಟ್ಟಣೆ ಎಂದು ಕೆಂಪು ಬಣ್ಣ ಬೀಳುತ್ತದೆ. 2020ರಲ್ಲಿ ಬರ್ಲಿನ್ ನಗರದ ಒಬ್ಬ ಕಲಾವಿದ 99 ಮೊಬೈಲ್‌ಗಳನ್ನು ಒಂದು ಕೈಗಾಡಿಯಲ್ಲಿ ತುಂಬಿಕೊಂಡು ಖಾಲಿ ಬೀದಿಯಲ್ಲಿ ನಿಧಾನವಾಗಿ ನಡೆದ. ನಕ್ಷೆಯಲ್ಲಿ ಆ ಬೀದಿ ಕೆಂಪಾಯಿತು!

ಇದರಿಂದ ನಾವು ತಿಳಿಯಬೇಕಾದದ್ದೇನು? ಎಲ್ಲಿ ಬಹಳ ಮೊಬೈಲ್‌ಗಳು ಓಡಾಡುತ್ತವೋ ಅಲ್ಲಿ ಈ ಯಂತ್ರಕ್ಕೆ ಬಹಳ ಗೊತ್ತು. ಬೆಂಗಳೂರಿನ ಸಿಲ್ಕ್ ಬೋರ್ಡಿನ ವಿಷಯದಲ್ಲಿ ಅದರ ಮಾತನ್ನು ಕೇಳಿ. ಎಲ್ಲಿ ಓಡಾಟ ಕಡಿಮೆಯೋ, ಸಿಗ್ನಲ್ ಇಲ್ಲವೋ, ಅಲ್ಲಿ ಅದಕ್ಕೂ ಗೊತ್ತಿರುವುದು ಕಡಿಮೆ. ಆದರೆ ಗೆರೆ ಮಾತ್ರ ಎರಡೂ ಕಡೆ ಒಂದೇ ನೀಲಿ. ಸಂಕೋಚದಿಂದ ಹೇಳಿದ ಮಾತಿಗೂ ಧೈರ್ಯದಿಂದ ಹೇಳಿದ ಮಾತಿಗೂ ಮನುಷ್ಯರ ದನಿಯಲ್ಲಿ ವ್ಯತ್ಯಾಸವಿರುತ್ತದೆ. ಮೊಬೈಲಿನ ದನಿಯಲ್ಲಿ ಆ ವ್ಯತ್ಯಾಸವಿಲ್ಲ.

ಈಗ ಬದಲಿಸುವ ಬಗೆ. ಹೋಗಬೇಕಾದ ಊರನ್ನು ಬರೆದು ಡೈರೆಕ್ಷನ್ಸ್ ಒತ್ತಿದಾಗ ನೀಲಿ ಗೆರೆಯ ಜೊತೆಗೆ ಮಂಕು ಬಣ್ಣದ ಒಂದೆರಡು ಗೆರೆಗಳೂ ಸಾಮಾನ್ಯವಾಗಿ ಕಾಣುತ್ತವೆ. ಅವು ಬದಲಿ ದಾರಿಗಳು. ಪ್ರತಿಯೊಂದರ ಮೇಲೂ ಎಷ್ಟು ಹೊತ್ತು ಬೇಕು ಎಂದಿರುತ್ತದೆ. ನಿಮಗೆ ಬೇಕಾದ ಮಂಕು ಗೆರೆಯ ಮೇಲೆ ಬೆರಳಿಟ್ಟರೆ ಅದೇ ನೀಲಿಯಾಗುತ್ತದೆ. ಆಮೇಲೆ ಸ್ಟಾರ್ಟ್ ಒತ್ತಿ. ಇಷ್ಟು ಸುಲಭ. ಹೆಚ್ಚಿನವರು ಊರು ಬರೆದವರೇ ಸ್ಟಾರ್ಟ್ ಒತ್ತಿಬಿಡುತ್ತಾರೆ. ಆ ಮಂಕು ಗೆರೆಗಳನ್ನು ನೋಡುವ ತಾಳ್ಮೆ ಇರುವುದಿಲ್ಲ.

ಬೇಕಾದ ದಾರಿ ಆ ಗೆರೆಗಳಲ್ಲಿ ಇಲ್ಲದಿದ್ದರೆ? ಆಗ ನಡುವಿನ ಒಂದು ಊರನ್ನು ಸೇರಿಸಬೇಕು. ಮೂರು ಚುಕ್ಕಿಗಳಿರುವ ಜಾಗವನ್ನು ಒತ್ತಿದರೆ ಆಡ್ ಸ್ಟಾಪ್ ಎಂದು ಬರುತ್ತದೆ. ಅಲ್ಲಿ ಊರಿನ ಹೆಸರು ಕೊಟ್ಟು, ಅದು ಕೊನೆಯ ಊರಿಗಿಂತ ಮೇಲೆ ಬರುವಂತೆ ಎಳೆದು ಕೂರಿಸಿ. ಯಂತ್ರ ಆ ಊರಿನ ಮೂಲಕವೇ ಕರೆದೊಯ್ಯುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಭಾಗದವರು ಕಲಿಯಬೇಕಾದ ಮುಖ್ಯ ಪಾಠ ಇದೊಂದೇ. ಕಂಪ್ಯೂಟರ್‌ನಲ್ಲಾದರೆ ಗೆರೆಯನ್ನೇ ಹಿಡಿದು ಎಳೆಯಬಹುದು. ಮೊಬೈಲಿನಲ್ಲಿ ಈ ನಡು-ಊರಿನ ಉಪಾಯವೇ ಗತಿ.

ಉದಾಹರಣೆಗೆ ಊಟಿ. ಗುಂಡ್ಲುಪೇಟೆ, ಬಂಡೀಪುರ ದಾಟಿ ತೆಪ್ಪಕಾಡಿಗೆ ಹೋದರೆ ದಾರಿ ಎರಡಾಗುತ್ತದೆ. ಒಂದು ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿ ಹತ್ತುತ್ತದೆ: ಹತ್ತಿರದ ದಾರಿ, ಆದರೆ 36 ಕಡಿದಾದ ತಿರುವುಗಳು. ಇನ್ನೊಂದು ಗೂಡಲೂರಿನ ಮೇಲೆ ಸುತ್ತಿ ಹೋಗುತ್ತದೆ. ಯಂತ್ರಕ್ಕೆ ಹತ್ತಿರದ್ದೇ ಪ್ರಿಯ. ಬ್ರೇಕು ಕಾದು ಕೈಕೊಟ್ಟ ಅಪಘಾತಗಳು ಬಹಳ ಆದದ್ದರಿಂದ ಹೊರಗಿನ ವಾಹನಗಳು ಊಟಿಯಿಂದ ಕಲ್ಲಟ್ಟಿಯಲ್ಲಿ ಇಳಿಯುವುದನ್ನು ಅಲ್ಲಿನ ಆಡಳಿತ ನಿಷೇಧಿಸಿದೆ. ಹಿಂದಿರುಗುವಾಗ ಗೂಡಲೂರನ್ನು ನಡು-ಊರಾಗಿ ಹಾಕಿಕೊಂಡರೆ ಈ ತೊಂದರೆಯಿಲ್ಲ. 2024ರ ಮೇ 7ರಿಂದ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ವ್ಯವಸ್ಥೆಯನ್ನೂ ತಂದಿದ್ದಾರೆ. ನೀಲಿ ಗೆರೆಯನ್ನು ನೋಡಿದರೆ ಅದು ತಿಳಿಯುವುದಿಲ್ಲ. ಹೊರಡುವ ಮುನ್ನವೇ ವಿಚಾರಿಸಬೇಕು.

ಗೂಡಲೂರಿನಲ್ಲೂ ಎಚ್ಚರ ಬೇಕು. 2024ರ ಜನವರಿಯಲ್ಲಿ ಊಟಿ ನೋಡಿಕೊಂಡು ಕರ್ನಾಟಕಕ್ಕೆ ಮರಳುತ್ತಿದ್ದ ಕೆಲವು ಗೆಳೆಯರಿಗೆ ಅಲ್ಲಿ ಆಪ್ ಒಂದು ಬೇಗದ ದಾರಿ ತೋರಿಸಿತು. ಪೊಲೀಸ್ ವಸತಿಗೃಹಗಳ ನಡುವಿನಿಂದ ಹೋದ ಆ ದಾರಿಯ ಕೊನೆಯಲ್ಲಿದ್ದುದು ಮೆಟ್ಟಿಲುಗಳು. ಕಾರು ಮೆಟ್ಟಿಲ ಮೇಲೆ ನಿಂತಿತು. ಅಲ್ಲಿನ ಜನರೂ ಪೊಲೀಸರೂ ಸೇರಿ ಅದನ್ನು ಬಿಡಿಸಿದರು. ಪತ್ರಿಕೆಯಲ್ಲಿ ಓದಿದವರು ನಕ್ಕಿರಬಹುದು.

ನಗಲಾಗದ ಸುದ್ದಿಗಳೂ ಇವೆ. 2023ರ ಅಕ್ಟೋಬರ್ 1ರ ನಡುರಾತ್ರಿ ಎರ್ನಾಕುಲಂ ಜಿಲ್ಲೆಯ ಗೋತುರುತ್ತಿನಲ್ಲಿ, ಜೋರು ಮಳೆಯಲ್ಲಿ, ಐವರಿದ್ದ ಕಾರೊಂದು ಹೊಳೆಗೆ ಬಿದ್ದು ಇಬ್ಬರು ಯುವ ವೈದ್ಯರು ತೀರಿಕೊಂಡರು. ಮೊಬೈಲ್ ತೋರಿಸಿದ ದಾರಿ ಹಿಡಿದಿದ್ದರೆಂದು ವರದಿಯಾಯಿತು. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯ ಮೇಲಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಅಲ್ಲಿ ಮೊದಲ ಹೊಣೆ ಮುರಿದ ಸೇತುವೆಗೆ ಅಡ್ಡ ಕಟ್ಟದೆ ಬಿಟ್ಟವರದ್ದು. ಆ ಮಾತನ್ನು ಮರೆಯಬಾರದು. ಅದೇ ವರ್ಷ ಡಿಸೆಂಬರಿನಲ್ಲಿ ಬಿಹಾರದಿಂದ ಗೋವಾಕ್ಕೆ ಹೊರಟಿದ್ದ ಕುಟುಂಬವೊಂದು ನಮ್ಮದೇ ರಾಜ್ಯದ ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನೊಳಗೆ ಸಿಕ್ಕಿಕೊಂಡು, ನೆಟ್‌ವರ್ಕ್ ಇಲ್ಲದೆ ರಾತ್ರಿಯನ್ನು ಕಾರಿನಲ್ಲೇ ಕಳೆಯಿತು. ಕೊನೆಗೆ ಸಿಗ್ನಲ್ ಸಿಗುವ ಜಾಗಕ್ಕೆ ನಡೆದು ಹೋಗಿ 112ಕ್ಕೆ ಕರೆ ಮಾಡಿದ ಮೇಲೆ ಪೊಲೀಸರು ಬಂದು ಕರೆತಂದರು. ಈ ಮೂರೂ ಕಡೆ ಗುರುತಿಲ್ಲದ ಜಾಗ, ಕೇಳಲು ಯಾರೂ ಇಲ್ಲದ ರಸ್ತೆ. ನಮ್ಮ ಬಂಡೀಪುರವೂ ದಿಂಬಂ ಘಾಟಿಯೂ ರಾತ್ರಿಯಲ್ಲಿ ಇಂಥವೇ.

ಬಂಡೀಪುರದ ಮಾತು ಬಂದಿತು. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಇಲ್ಲಿ ರಾತ್ರಿ ಸಂಚಾರವನ್ನು ನಿಷೇಧಿಸಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೇರಳದವರ ವಿರೋಧದಿಂದ ಸಂಗತಿ ಸುಪ್ರೀಂ ಕೋರ್ಟಿಗೂ ಹೋಯಿತು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ಊಟಿಯ ಕಡೆಗೂ ವಯನಾಡಿನ ಕಡೆಗೂ, ತುರ್ತು ವಾಹನಗಳು ಮತ್ತು ಬೆರಳೆಣಿಕೆಯ ಬಸ್ಸುಗಳ ಹೊರತು ಯಾರಿಗೂ ಬಿಡುವುದಿಲ್ಲ. ತರಕಾರಿ ಲಾರಿಯವರಿಗೆ ಇದು ಬಾಯಿಪಾಠ. ಬೆಂಗಳೂರಿನಿಂದ ಬರುವ ನಮ್ಮ ಮಕ್ಕಳಿಗೆ ಗೊತ್ತಿರುವುದಿಲ್ಲ. ರಾತ್ರಿ ಎಂಟೂವರೆಗೆ ಬೇಗೂರು ಬಿಟ್ಟವರು ಒಂಬತ್ತರೊಳಗೆ ಮೇಲುಕಾಮನಹಳ್ಳಿಯ ಗೇಟು ದಾಟುತ್ತೇವೆಂದು ಗಾಡಿ ಓಡಿಸುವುದೇ ಅಪಾಯ. ಯಂತ್ರಕ್ಕೆ ಈ ನಿಷೇಧ ಗೊತ್ತಿರಬಹುದು, ಇಲ್ಲದಿರಬಹುದು. ಗೊತ್ತಿದೆ ಎಂದು ನಂಬಿ ಹೊರಡಬೇಡಿ. ರಾತ್ರಿಯೇ ವಯನಾಡಿನ ಕಡೆಗೆ ಹೋಗಬೇಕಾದವರು ಬೇಗೂರಿಗೆ ಬರುವುದೇ ಬೇಡ. ಮೈಸೂರಿನಲ್ಲೇ ತಿರುಗಿ ಹುಣಸೂರು, ಗೋಣಿಕೊಪ್ಪಲು, ಕುಟ್ಟದ ಮೇಲೆ ಮಾನಂದವಾಡಿಗೆ ಹೋಗುವ ದಾರಿಯಿದೆ. ಗೋಣಿಕೊಪ್ಪಲು ಮತ್ತು ಕುಟ್ಟವನ್ನು ನಡು-ಊರುಗಳಾಗಿ ಹಾಕಿಕೊಂಡರೆ ಸಾಕು.

ವೇಳಾಂಗಣಿ ಯಾತ್ರೆಗೆ ಹೋಗುವವರಿಗೆ ಇದೇ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಆಗಸ್ಟ್ 29ರಂದು ಅಲ್ಲಿ ಧ್ವಜ ಏರಿತೆಂದರೆ ಸೆಪ್ಟೆಂಬರ್ 8ರ ಹಬ್ಬದವರೆಗೆ ಎಷ್ಟೋ ಮನೆಗಳವರು ವ್ಯಾನು ಮಾಡಿಕೊಂಡು ಹೊರಡುತ್ತಾರೆ. ರಾತ್ರಿ ಊಟ ಮುಗಿಸಿ, ಜಪಸರ ಹೇಳಿ, ಒಂಬತ್ತು ಗಂಟೆಗೆ ಹೊರಟರೆ ಮಕ್ಕಳು ಮಲಗುತ್ತಾರೆ, ಬಿಸಿಲೂ ಇರುವುದಿಲ್ಲ ಎಂಬುದು ಹಿರಿಯರ ಲೆಕ್ಕ. ಆ ಲೆಕ್ಕ ಈಗ ನಡೆಯುವುದಿಲ್ಲ. ಗುಂಡ್ಲುಪೇಟೆ, ತೆರಕಣಾಂಬಿ, ಚಾಮರಾಜನಗರ ದಾಟಿ ಪುಣಜನೂರಿನಿಂದ ಸತ್ಯಮಂಗಲದ ಕಾಡಿಗೆ ಹೋಗುವ ದಾರಿಯಲ್ಲಿ 27 ತಿರುವುಗಳ ದಿಂಬಂ ಘಾಟಿ ಇದೆ. 2022ರ ಫೆಬ್ರವರಿಯಿಂದ, ಮದ್ರಾಸ್ ಹೈಕೋರ್ಟಿನ ಆದೇಶದಂತೆ, ಅಲ್ಲಿಯೂ ರಾತ್ರಿ ನಿರ್ಬಂಧ ಬಂದಿದೆ: ಕಾರು-ವ್ಯಾನುಗಳಿಗೆ ರಾತ್ರಿ 9ರಿಂದ ಬೆಳಿಗ್ಗೆ 6, ಲಾರಿಗಳಿಗೆ ಸಂಜೆ 6ರಿಂದಲೇ. ಹತ್ತೂವರೆಗೆ ಪುಣಜನೂರು ತಲುಪಿದ ವ್ಯಾನಿನಲ್ಲಿ ಅಜ್ಜಿಯೂ ಇದ್ದಾರೆ, ಹಸುಗೂಸೂ ಇದೆ ಎಂದಿಟ್ಟುಕೊಳ್ಳಿ. ಗೇಟು ಹಾಕಿದೆ. ಹೇಗಾದರೂ ರಾತ್ರಿಯೇ ದಾಟಬೇಕೆಂದು ಗುರುತಿಲ್ಲದ ಹಳ್ಳಿ ದಾರಿಗಳನ್ನು ಮೊಬೈಲಿನಲ್ಲಿ ಹುಡುಕಲು ತೊಡಗುವುದು ಇಂಥ ಹೊತ್ತಿನಲ್ಲೇ. ಗೇಟು ಹಾಕಿದ ಕಾಡಿನ ಸುತ್ತ ಹೊಸ ದಾರಿ ಹುಡುಕುವುದಕ್ಕಿಂತ ಚಾಮರಾಜನಗರಕ್ಕೆ ಹಿಂದಿರುಗಿ ರಾತ್ರಿ ಕಳೆಯುವುದು ಮೇಲು.

ಇದನ್ನು ಮನೆಯಲ್ಲೇ ಕುಳಿತು ತಪ್ಪಿಸಬಹುದು. ದಾರಿ ತೋರಿಸಿದ ಮೇಲೆ ಅದೇ ಮೂರು ಚುಕ್ಕಿಗಳ ಒಳಗೆ ಹೊರಡುವ ಹೊತ್ತನ್ನು ಹಾಕುವ ಜಾಗವಿದೆ. ಯಾವ ದಿನ, ಎಷ್ಟು ಗಂಟೆಗೆ ಹೊರಡುತ್ತೀರಿ ಎಂದು ಕೊಡಿ. ಹೋಗಬೇಕಾದ ಊರಿಗೆ ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂಬ ಅಂದಾಜು ಸಿಗುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ ಬೇಗೂರು ಬಿಟ್ಟರೆ ಗೇಟು ತೆರೆಯುವ ಹೊತ್ತಿಗೆ ಪುಣಜನೂರಿನಲ್ಲಿರಬಹುದು. ಹಗಲ ಬೆಳಕಿನಲ್ಲಿ ದಿಂಬಂ ಇಳಿಯಬಹುದು. ರಾತ್ರಿಯೇ ಹೊರಡಬೇಕೆಂಬ ಹಟವಿದ್ದರೆ ಬೆಂಗಳೂರು, ಹೊಸೂರು, ಸೇಲಂ ಎಂದು ನಡು-ಊರು ಹಾಕಿ ದೊಡ್ಡ ಹೆದ್ದಾರಿಯಲ್ಲೇ ಹೋಗಿ. ಸುತ್ತು ಹೌದು, ಟೋಲ್ ಖರ್ಚೂ ಹೌದು. ಕೊಳ್ಳೇಗಾಲ, ಮಲೆ ಮಹದೇಶ್ವರ ಬೆಟ್ಟದ ಮೇಲೆ ಮೆಟ್ಟೂರಿಗೆ ಹೋಗುವ ದಾರಿಯೂ ಕಾಡಿನದ್ದೇ. ಹನೂರು, ಮಾರ್ಟಳ್ಳಿ ಕಡೆಯ ನಮ್ಮ ಜನ ಆ ರಸ್ತೆಯನ್ನು ಬಲ್ಲರು. ಅವರಲ್ಲಿ ಒಬ್ಬರಿಗೆ ಫೋನು ಮಾಡಿ ಕೇಳಿ.

ಟೋಲ್ ಎಂದಾಗ ನೆನಪಾಯಿತು. ಡೈರೆಕ್ಷನ್ಸ್ ಪುಟದ ಆಪ್ಷನ್ಸ್ ಎಂಬಲ್ಲಿ ಟೋಲ್ ಬೇಡ, ಹೆದ್ದಾರಿ ಬೇಡ ಎಂದು ಗುರುತು ಹಾಕಬಹುದು. ಹಣ ಉಳಿಯುತ್ತದೆ. ಆದರೆ ಆ ಗುರುತನ್ನು ತೆಗೆಯಲು ಮರೆತರೆ ಮುಂದಿನ ಪ್ರಯಾಣದಲ್ಲೂ ಅದು ನಿಮ್ಮನ್ನು ಹಳ್ಳಿ ದಾರಿಗಳಲ್ಲಿ ಸುತ್ತಿಸೀತು. ಬೈಕಿನಲ್ಲಿ ಬೆಂಗಳೂರಿಗೆ ಹೋಗುವ ಯುವಕರು ಕಾರಿನ ಚಿತ್ರವನ್ನು ಬಿಟ್ಟು ಬೈಕಿನ ಚಿತ್ರವನ್ನು ಒತ್ತಬೇಕು. 2023ರ ಆಗಸ್ಟ್ 1ರಿಂದ ಮೈಸೂರು-ಬೆಂಗಳೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋಗಳಿಗೆ ಪ್ರವೇಶವಿಲ್ಲ.

ಪ್ರಯಾಣದ ನಡುವೆ ಇನ್ನೊಂದು ತೊಡಕಿದೆ. ಇನ್ನೂ ಬೇಗದ ದಾರಿ ಸಿಕ್ಕಿದೆ ಎಂದು ಯಂತ್ರ ಕೇಳುತ್ತದೆ. ಉತ್ತರ ಕೊಡದೆ ಸುಮ್ಮನಿದ್ದರೆ ಕೆಲವೊಮ್ಮೆ ತಾನೇ ಬದಲಿಸಿಕೊಳ್ಳುತ್ತದೆ. ನಾಲ್ಕು ನಿಮಿಷದ ಉಳಿತಾಯಕ್ಕೆ ಗುರುತಿಲ್ಲದ ದಾರಿಗೆ ಇಳಿಯುವುದು ಬೇಕೇ? ಬೇಡವೆಂದು ಒತ್ತಿ. ಒತ್ತಬೇಕಾದದ್ದು ಪಕ್ಕದಲ್ಲಿ ಕುಳಿತವರು. ವಾಹನ ಓಡಿಸುವಾಗ ಮೊಬೈಲನ್ನು ದಾರಿ ನೋಡುವುದಕ್ಕೆ ಮಾತ್ರ, ಅದೂ ಚಾಲಕನ ಗಮನ ಕದಡದಂತೆ ಬಳಸಬಹುದೆಂದು 2020ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಮೋಟಾರು ವಾಹನ ನಿಯಮ ಹೇಳುತ್ತದೆ. ಒಬ್ಬರೇ ಇದ್ದರೆ ಗಾಡಿಯನ್ನು ಬದಿಗೆ ನಿಲ್ಲಿಸಿ ಒತ್ತಿ. ಕಾಡಿನೊಳಗಾದರೆ ನಿಲ್ಲಿಸುವಂತಿಲ್ಲ, ಗೇಟಿಗೆ ಮೊದಲೇ ಎಲ್ಲ ಸರಿಮಾಡಿಕೊಳ್ಳಿ.

ಈ ವಿಷಯದಲ್ಲಿ ಮನೆಗಳೊಳಗೆ ನಡೆಯುವ ಜಗಳವನ್ನು ನೀವೂ ಕಂಡಿರಬೇಕು. ಮಗ ಮೊಬೈಲ್ ಹಿಡಿದು, "ಅಪ್ಪಾ, ಇಲ್ಲಿ ಎಡಕ್ಕೆ" ಎನ್ನುತ್ತಾನೆ. ತಂದೆ, "ಮೂವತ್ತು ವರ್ಷದಿಂದ ಓಡಾಡಿದ್ದೀನಿ ಕಣೋ, ನೇರ ಹೋಗು" ಎನ್ನುತ್ತಾರೆ. ಹಿಂದಿನ ಸೀಟಿನಲ್ಲಿ ತಾಯಿ ಮೌನವಾಗಿರುತ್ತಾರೆ, ಅಥವಾ ಇರುವುದಿಲ್ಲ. ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ವಿವೇಕವೆಂಬ ಸದ್ಗುಣವನ್ನು ಬಿಡಿಸಿ ನೋಡಿ ಅದಕ್ಕೆ ಎಂಟು ಅಂಗಗಳನ್ನು ಹೇಳಿದರು. ನೆನಪು, ಮುಂದಾಲೋಚನೆ, ಸುತ್ತಲಿನ ಪರಿಸ್ಥಿತಿಯ ಅರಿವು, ಎಚ್ಚರಿಕೆ ಅವುಗಳಲ್ಲಿ ಕೆಲವು. ಬಲ್ಲವರಿಂದ ಕಲಿಯಲು ಸಿದ್ಧವಾದ ಮನಸ್ಸೂ ಅವುಗಳಲ್ಲಿ ಒಂದು. ಬದುಕಿನ ಬಿಡಿ ಬಿಡಿ ಸಂಗತಿಗಳು ಲೆಕ್ಕವಿಲ್ಲದಷ್ಟು. ಒಬ್ಬನೇ ಎಲ್ಲವನ್ನೂ ಅರಿಯಲಾರ ಎಂಬುದು ಅವರು ಕೊಟ್ಟ ಕಾರಣ. ವಿದ್ವಾಂಸರಾದವರೂ ಕೆಲವು ಸಂಗತಿಗಳಲ್ಲಿ ಇನ್ನೊಬ್ಬರಿಂದ ಕಲಿಯಬೇಕು ಎಂದು ಅವರು ಸೇರಿಸುತ್ತಾರೆ. ಹಾಗಾದರೆ ತಂದೆ ಸರಿಯೋ, ಮಗ ಸರಿಯೋ? ಹೊಸ ಬೈಪಾಸ್, ಈ ಗಳಿಗೆಯ ದಟ್ಟಣೆ, ಎದುರಿಗಿರುವ ಅಪಘಾತ ತಂದೆಗೆ ಗೊತ್ತಿಲ್ಲ. ಆನೆ ದಾಟುವ ಜಾಗ, ಮಳೆ ಬಂದರೆ ಮುಳುಗುವ ಸೇತುವೆ, ಗೇಟು ಹಾಕುವ ಹೊತ್ತು ಮಗನ ಮೊಬೈಲಿಗೆ ಗೊತ್ತಿಲ್ಲದಿರಬಹುದು. ಹೊರಡುವ ಹಿಂದಿನ ದಿನ ಇಬ್ಬರೂ ಒಂದೇ ನಕ್ಷೆಯ ಮುಂದೆ ಹತ್ತು ನಿಮಿಷ ಕುಳಿತುಕೊಳ್ಳಲಿ. ತಂದೆ ಊರುಗಳನ್ನು ಹೇಳಲಿ, ಮಗ ಅವುಗಳನ್ನು ನಡು-ಊರುಗಳಾಗಿ ಹಾಕಲಿ. ಮರುದಿನ ಗಾಡಿಯೊಳಗೆ ಜಗಳಕ್ಕೆ ಅವಕಾಶ ಕಡಿಮೆ.

ಅನುಮಾನ ಬಂದರೆ ಗಾಜು ಇಳಿಸಿ ಕೇಳಿ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತದೆ ನಮ್ಮ ಗಾದೆ. ಒಬ್ಬರನ್ನಲ್ಲ, ಇಬ್ಬರನ್ನು ಕೇಳಿ. ಅದರಲ್ಲೂ ಬಸ್ಸಿನ ಚಾಲಕರು, ಚೆಕ್‌ಪೋಸ್ಟಿನವರು, ಪೆಟ್ರೋಲ್ ಬಂಕಿನವರು ಆ ದಿನದ ರಸ್ತೆಯ ಸ್ಥಿತಿಯನ್ನು ಬಲ್ಲವರು.

ಕೊನೆಯದಾಗಿ, ಹೊರಡುವ ಮುನ್ನ ಮನೆಯಲ್ಲಿ ಮಾಡಿಕೊಳ್ಳಬೇಕಾದ ಎರಡು ಕೆಲಸಗಳು. ಕಾಡಿನಲ್ಲಿ ಸಿಗ್ನಲ್ ಹೋದಾಗ ನೀಲಿ ಚುಕ್ಕಿ ಚಲಿಸುತ್ತಿರುತ್ತದೆ, ಆದರೆ ಹೊಸ ದಾರಿ ಹುಡುಕಲು ನಕ್ಷೆಯೇ ಇರದಿರಬಹುದು. ಆದ್ದರಿಂದ ಹೋಗುವ ಭಾಗದ ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅದರಲ್ಲಿ ದಟ್ಟಣೆಯ ಸುದ್ದಿಯೂ ಬದಲಿ ದಾರಿಗಳೂ ಸಿಗುವುದಿಲ್ಲ, ಮೂಲ ದಾರಿ ಮಾತ್ರ ಸಿಗುತ್ತದೆ. ಇನ್ನೊಂದು, ಮನೆಯಲ್ಲಿ ಉಳಿಯುವ ಹಿರಿಯರಿಗೆ ನಿಮ್ಮ ಲೊಕೇಶನ್ ಕಳಿಸಿ, ಜೊತೆಗೆ ಊರುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ: ಗುಂಡ್ಲುಪೇಟೆ, ತೆರಕಣಾಂಬಿ, ಚಾಮರಾಜನಗರ, ಪುಣಜನೂರು, ಹಾಸನೂರು, ದಿಂಬಂ, ಬಣ್ಣಾರಿ, ಸತ್ಯಮಂಗಲ. ಘಾಟಿ ಇಳಿದು ಬಣ್ಣಾರಿಯಲ್ಲಿ ಸಿಗ್ನಲ್ ಸಿಕ್ಕ ಕೂಡಲೇ ಅವರಿಗೆ ಒಂದು ಫೋನು ಮಾಡಿ.